ಮರಿಕೌದಿಯ ಹೊಟ್ಟೆ

ಯಮನವ್ವನಿಗೆ ಕಿವಿ ಕೇಳಿಸುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದವರು ಇಬ್ಬರೇ. ಮೊದಲನೆಯವನು ನಾಸಿಕದ ಸಾತಪುರದಲ್ಲಿ ಅವಳು ಕೆಲಸಕ್ಕಿದ್ದ ಕಾರ್ಖಾನೆಯ ಸೂಪರ್‌ವೈಸರ್. ಅವನ ವಂಶವನ್ನೆಲ್ಲ ಅವಳು ಊಟದ ಹೊತ್ತಿನಲ್ಲಿ, ನಲವತ್ತು ಜನರ ಎದುರಿಗೆ, ಕಲಬುರಗಿಯ ಕನ್ನಡದಲ್ಲೇ ಜಾಲಾಡಿದಳು. ಕನ್ನಡದ ಗಂಧವೇ ಇಲ್ಲದ ಆ ಮನುಷ್ಯನಿಗೆ ಪೂರ್ತಿ ಅರ್ಥವಾಯಿತು. ಎರಡನೆಯವಳು ಸೊಸೆ ಮಂಜುಳಾ. ಅವಳ ಮಾತಿಗೆ ಮಾತ್ರ ಯಮನವ್ವನ ಹತ್ತಿರ ಬೈಗುಳ ಇರಲಿಲ್ಲ. ಸುಳ್ಳಿತ್ತು, ಅದನ್ನೇ ಕೊಟ್ಟಳು. ಆ ಸುಳ್ಳಿನಿಂದ ಅವಳು ಮೊಮ್ಮಗನನ್ನು ಕಳೆದುಕೊಂಡಳು.

ಕಿವಿ ಹೋದದ್ದು ಒಂದೇ ದಿನಕ್ಕಲ್ಲ. ಆಳಂದದ ಕಡೆಯಿಂದ ಗಾರೆ ಕೆಲಸದ ಗಂಡನ ಬೆನ್ನು ಹತ್ತಿ ಬಂದವಳು, ಅವನು ತೀರಿಕೊಂಡ ಮೇಲೆ ಮಗನನ್ನು ಓದಿಸಲು ತಗಡು ಒತ್ತುವ ಯಂತ್ರದ ಪಕ್ಕ ನಿಂತಳು. ಹದಿನೆಂಟು ವರ್ಷ ನಿಂತಳು. ಆ ಯಂತ್ರ ನಿಮಿಷಕ್ಕೆ ಮೂವತ್ತು ಸಲ ನೆಲಕ್ಕೆ ಗುದ್ದುತ್ತಿತ್ತು. ಕಿವಿಗೆ ಇಟ್ಟುಕೊಳ್ಳಲು ಕೊಟ್ಟ ಹತ್ತಿ ವರ್ಷಕ್ಕೊಮ್ಮೆ ಸಾಹೇಬರು ಬರುವ ದಿನ ಹೊರಬರುತ್ತಿತ್ತು. ಮೊದಲು ಹಕ್ಕಿಗಳು ಸುಮ್ಮನಾದವು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಬೆನ್ನ ಹಿಂದಿನಿಂದ ಕರೆಯುವವರು. ಕೊನೆಗೆ ತುಟಿ ಕಂಡರಷ್ಟೇ ಮಾತು ಎನ್ನುವಂತಾಯಿತು.

ಆದರೆ ಅವಳು ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ತುಟಿ ಓದುವುದನ್ನು ತಾನಾಗಿ ಕಲಿತಳು. ತುಟಿ ಕಾಣದಿದ್ದರೆ ‘ಹೂಂ’ ಎನ್ನುತ್ತಿದ್ದಳು. ಹೂಂ ಸಾಲದಿದ್ದರೆ ಎದುರಿನವರು ಬಾಯಿ ತೆರೆಯುವ ಮೊದಲೇ ತಾನು ಜಗಳ ತೆಗೆಯುತ್ತಿದ್ದಳು. ಜಗಳದಲ್ಲಿ ಎದುರಿನವರ ಮಾತು ಕೇಳಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲವಲ್ಲ. ಓಣಿಯವರು ಅವಳನ್ನು ಬಾಯಿಬಡಕಿ ಎಂದುಕೊಂಡರು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಅದೇ ಮೇಲೆಂದು ಅವಳೂ ಸುಮ್ಮನಿದ್ದಳು. ಒಂದು ಆರೋಗ್ಯ ಶಿಬಿರದಲ್ಲಿ ಕೊಟ್ಟ ಕಿವಿಯ ಮಷೀನು ಜೀರಿಗೆ ಡಬ್ಬಿ ಸೇರಿತು. ತುರಿಸುತ್ತದಂತೆ.

ಮಗ ರವಿಕಾಂತ ಸಂಭಾಜಿನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರಯೋಗಾಲಯದ ಸಹಾಯಕನಾಗಿದ್ದ. ಮಂಜುಳಾ ಬೀದರದ ಮನೆತನದವಳು, ಆದರೆ ಹುಟ್ಟಿ ಬೆಳೆದದ್ದು ಸಂಭಾಜಿನಗರದಲ್ಲೇ. ರಕ್ತಪರೀಕ್ಷೆ ಕೇಂದ್ರವೊಂದರಲ್ಲಿ ಕೆಲಸ. ಮೊಮ್ಮಗ ಅಕ್ಷಯನಿಗೆ ಐದು ತಿಂಗಳಾಗಿ ಅವಳ ರಜೆ ಮುಗಿದಾಗ, ಕೂಸನ್ನು ನೋಡಿಕೊಳ್ಳಲು ಯಮನವ್ವ ಕಾರ್ಖಾನೆ ಬಿಟ್ಟು ಬಂದಳು. ಬಂದು ಹನ್ನೊಂದು ದಿನವಾಗಿತ್ತು. ಮಧ್ಯಾಹ್ನ ಮಂಜುಳಾ ಬೇಗ ಮನೆಗೆ ಬಂದು ನೋಡುತ್ತಾಳೆ, ಕೂಸಿನ ಕಾಲು ತೊಟ್ಟಿಲ ಹಗ್ಗಕ್ಕೆ ಸಿಕ್ಕಿ ಊದಿದೆ, ಅತ್ತು ಅತ್ತು ತುಟಿ ನೀಲಿಯಾಗಿದೆ. ಮೂರು ಮೊಳದ ದೂರದಲ್ಲಿ ಅಜ್ಜಿ ಕಿಟಕಿಯ ಬೆಳಕಿಗೆ ಮುಖ ಮಾಡಿ, ತೊಟ್ಟಿಲಿಗೆ ಬೆನ್ನು ಹಾಕಿ, ಹಾಯಾಗಿ ಹಳೆ ಸೀರೆಯ ಚಿಂದಿಗಳ ಕೌದಿ ಹೊಲಿಯುತ್ತಿದ್ದಾಳೆ.

“ಅತ್ತೀ, ನಿಮ್ಗ ಕಿವಿ ಕೇಳಂಗಿಲ್ರಿ” ಅಂದಳು ಮಂಜುಳಾ. ಯಮನವ್ವನ ಭುಜ ಹಿಡಿದು ತಿರುಗಿಸಿಯೇ ಅಂದಳು.

“ಕೇಳ್ತದ. ಕೂಸು ಈಗಷ್ಟೇ ಅಳ್ಲಾಕತ್ಯಾದ.”

ಕೂಸಿನ ನೀಲಿ ತುಟಿಯ ಎದುರಿಗೆ ನಿಂತು ಹೇಳಿದ ಆ ಮಾತನ್ನು ಮಂಜುಳಾ ಕ್ಷಮಿಸಲಿಲ್ಲ. ಕಿವುಡುತನವನ್ನು ಬೇಕಾದರೆ ಕ್ಷಮಿಸುತ್ತಿದ್ದಳೇನೋ. ಮರುದಿನದಿಂದ ಪಕ್ಕದ ಮನೆಯ ಕಸ್ತೂರಿಬಾಯಿ ಸಂಬಳಕ್ಕೆ ಬಂದು ಕೂಸನ್ನು ಎತ್ತಿಕೊಂಡಳು. ರಕ್ತಸಂಬಂಧದ ಅಜ್ಜಿ ಗೋಡೆಗೆ ಒರಗಿ ಕುಳಿತು, ಹೊರಗಿನವಳೊಬ್ಬಳು ತನ್ನ ಮೊಮ್ಮಗನಿಗೆ ಮರಾಠಿಯಲ್ಲಿ ಮುದ್ದು ಮಾಡುವುದನ್ನು ನೋಡಿದಳು. ಮೂರನೆಯ ದಿನ ಗಂಟು ಕಟ್ಟಿ ನಾಸಿಕದ ಬಸ್ಸು ಹತ್ತಿದಳು. ರವಿಕಾಂತ ನಿಲ್ದಾಣದ ತನಕ ಬಂದು ಚೀಲ ಮೇಲಿಟ್ಟುಕೊಟ್ಟ. ಅವನಿಗೂ ಎಲ್ಲ ಗೊತ್ತಿತ್ತು. ತಾಯಿಗೆ ‘ನಿನಗೆ ಕೇಳಿಸುವುದಿಲ್ಲ’ ಎನ್ನುವ ಧೈರ್ಯವಿಲ್ಲ, ಹೆಂಡತಿಗೆ ‘ಸಾಕು ಮಾಡು’ ಎನ್ನುವ ಧೈರ್ಯವೂ ಇಲ್ಲ. ಚೀಲ ಎತ್ತಿಡುವುದರಲ್ಲಿ ಮಾತ್ರ ಗಟ್ಟಿಗ.

ನಾಲ್ಕು ತಿಂಗಳು ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಒಂದು ದಿನ ರವಿಕಾಂತ ವಿಡಿಯೋ ಕರೆ ಮಾಡಿದ. ಮುಖ ಕಾಣದ ಫೋನನ್ನು ತಾಯಿ ಎತ್ತುತ್ತಿರಲಿಲ್ಲ. ತಮ್ಮ ಪ್ರಯೋಗಾಲಯದಲ್ಲಿ ಒಂದು ಹೊಲಿಗೆಯ ಕೆಲಸವಿದೆ, ಹತ್ತು ಸಣ್ಣ ಪ್ಯಾಡು, ಯಂತ್ರದಲ್ಲಿ ಹೊಲಿದರೆ ಒಳಗಿನ ಹಾಳೆ ಹರಿಯುತ್ತದೆ, ಅಂಟು ಹಾಕಿದರೆ ಬಿರುಸಾಗುತ್ತದೆ, ಕೈಹೊಲಿಗೆಯೇ ಬೇಕು, ನೀನು ಬರುತ್ತೀಯಾ ಎಂದು ಕೇಳಿದ. ಪ್ಯಾಡು ಏನು ಎತ್ತ ಎಂದು ಯಮನವ್ವ ಕೇಳಲಿಲ್ಲ. ಅಕ್ಷಯ ಹಲ್ಲು ಹಾಕಿದನೇ ಎಂದಷ್ಟೇ ಕೇಳಿದಳು. ಎರಡು ಬಂದಿವೆ ಎಂದ. ಮರುದಿನವೇ ಹೊರಟಳು.

ಪ್ರಯೋಗಾಲಯ ನಡೆಸುವವರು ಪ್ರಭಾಕರ ಸರ್. ಅವರ ಕೈಕೆಳಗೆ ಪಿಎಚ್.ಡಿ. ಮಾಡುವ ತನ್ಮಯ. ತನ್ಮಯನ ತುಟಿಗಳು ಚೊಕ್ಕವಾಗಿ ಆಡುತ್ತಿದ್ದವು, ಹಿಂದಿಯಲ್ಲಿ ಹೇಳಿದರೂ ಅವಳಿಗೆ ತಿಳಿಯುತ್ತಿತ್ತು. ಸರ್ ಅವರದು ಮಾತ್ರ ಬಾಯಿ ಮುಚ್ಚುವಷ್ಟು ದಪ್ಪ ಮೀಸೆ. ಅವರು ಏನೆಂದರೂ ಯಮನವ್ವನಿಗೆ ಮೀಸೆ ಅಲುಗಾಡಿದ್ದಷ್ಟೇ ಕಾಣುತ್ತಿತ್ತು.

ವಸ್ತುವೇನೋ ಸೋಜಿಗದ್ದೇ. ತಾಮ್ರ ಬಳಿದ ಒಂದು ತೆಳು ಹಾಳೆ, ಹಾಲಿನ ಕೆನೆಯಂಥ ಇನ್ನೊಂದು ಹಾಳೆ. ಎರಡನ್ನೂ ತಾಗಿಸಿ ಬಿಡಿಸಿದರೆ ನಡುವೆ ವಿದ್ಯುತ್ತು ಹುಟ್ಟುತ್ತದೆ. ಚಳಿಗಾಲದಲ್ಲಿ ನೈಲಾನ್ ಸೀರೆ ಕಳಚುವಾಗ ಚಟಪಟ ಎನ್ನುತ್ತದಲ್ಲ, ಅದೇ. ಅಷ್ಟರಿಂದಲೇ ಅಂಚಿನಲ್ಲಿ ಕೂರಿಸಿದ ರಾಗಿಕಾಳಿನಂಥ ಹಸಿರು ದೀಪಗಳು ಹೊತ್ತಿಕೊಳ್ಳುತ್ತವೆ. ಬ್ಯಾಟರಿ ಇಲ್ಲ, ವೈರು ಇಲ್ಲ. ಬೆರಳಿಟ್ಟರೆ ಬೆಳಗುತ್ತದೆ. ಸದ್ದಿಗೂ ಬೆಳಗಬೇಕು, ಸದ್ದು ಅಂದರೆ ಗಾಳಿಯ ಅಲುಗಾಟವೇ ತಾನೆ ಎಂದು ತನ್ಮಯ ವಿವರಿಸಿದ. ಆದರೆ ಒಂದು ವರ್ಷದಿಂದ ತಲೆ ಕೆರೆದುಕೊಂಡರೂ ಅವರ ಪ್ಯಾಡು ಸದ್ದಿಗೆ ಮಾತ್ರ ಮಿಸುಕಿರಲಿಲ್ಲ.

ಸದ್ದು ಕಾಣುವ ವಸ್ತು. ಯಮನವ್ವ ಆ ಮಾತನ್ನು ಅವನ ತುಟಿಯಿಂದ ಎರಡು ಸಲ ಹೇಳಿಸಿಕೊಂಡಳು. ಯಾಕೆ ಬೇಕು ಎಂದು ಮಾತ್ರ ಬಾಯಿ ಬಿಡಲಿಲ್ಲ.

ಕೌದಿ ಹೊಲಿಯುವ ಕ್ರಮದಲ್ಲೇ ಹೊಲಿದಳು. ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ಒಳಕ್ಕೆ, ಅಕ್ಕಿಕಾಳಿನಷ್ಟು ಟಾಕು. ಮೊದಲ ಐದನ್ನು ಪ್ರಯೋಗಾಲಯದ ಮೇಜಿನ ಮೇಲೆಯೇ ಹೊಲಿದಳು. ಕೊನೆಯ ಮೂಲೆಯನ್ನು ತನ್ಮಯ ತಾನೇ ಬಿಸಿ ಕಡ್ಡಿಯಿಂದ ಅಂಟಿಸಿ ಮುಚ್ಚಿದ. ಅವನಿಗೆ ಪರೀಕ್ಷೆ ಬಂತು, ಉಳಿದ ಐದನ್ನು ಮನೆಯಲ್ಲೇ ಮುಗಿಸಿ ತರಲು ಹೇಳಿದ. ಮನೆಯಲ್ಲಿ ಅವಳು ಕೊನೆಯ ಮೂಲೆಯನ್ನು ಹಾಗೆಯೇ ಮುಚ್ಚುವ ಹೆಂಗಸಲ್ಲ. ಕೌದಿಯನ್ನು ಬರಿ ಹೊಟ್ಟೆಯಲ್ಲಿ ಮುಚ್ಚಬಾರದು, ಹೊದ್ದವರಿಗೆ ಹಸಿವು ಅಂಟುತ್ತದೆ ಎಂದು ಅವಳ ತಾಯಿ, ತಾಯಿಯ ತಾಯಿ ನಂಬಿದ್ದರು. ಒಂದು ಚೂರು ರೊಟ್ಟಿ, ಏಳೆಂಟು ಜೋಳದ ಕಾಳು ಒಳಗೆ ಬಿಟ್ಟು, ಹೊಟ್ಟೆ ತುಂಬಿಸಿ ಮುಚ್ಚಬೇಕು. ಇದು ಕೌದಿಯಲ್ಲ, ವಿಜ್ಞಾನಿಗಳ ಸಾಮಾನು ಎಂದು ಅವಳಿಗೆ ಅನ್ನಿಸಲೇ ಇಲ್ಲ. ಅಂಗೈ ಅಗಲದ್ದಾದರೇನು, ಮರಿಕೌದಿಗೂ ಹೊಟ್ಟೆ ಇರುತ್ತದೆ. ಐದಕ್ಕೂ ಉಣಿಸಿದಳು.

ಆ ಎರಡು ವಾರ ಅವಳು ಮಗನ ಮನೆಯಲ್ಲಿ ಇದ್ದಳು ಎನ್ನುವುದಕ್ಕಿಂತ ಮಗನ ಮನೆ ಅವಳನ್ನು ಸಹಿಸಿಕೊಂಡಿತು ಎನ್ನುವುದು ಸರಿ. ಮಂಜುಳಾ ಊಟಕ್ಕೆ ಬಡಿಸುತ್ತಿದ್ದಳು, ತಟ್ಟೆ ಇಡುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ತುಟಿ ಕಾಣದಂತೆ ಮಾತಾಡುವುದು ಈ ಮನೆಯ ಬೈಗುಳವಾಗಿತ್ತು. ಒಂಬತ್ತು ತಿಂಗಳ ಅಕ್ಷಯ ತೆವಳಿಕೊಂಡು ಅಜ್ಜಿಯ ಸೂಜಿದಾರದ ಡಬ್ಬಿಯವರೆಗೆ ಬಂದರೆ ಕಸ್ತೂರಿಬಾಯಿ ಎತ್ತಿಕೊಂಡು ಹೋಗುತ್ತಿದ್ದಳು. ಅವಳದೇನೂ ತಪ್ಪಿಲ್ಲ, ಹಾಗೆ ಹೇಳಿಟ್ಟಿದ್ದರು. ಯಮನವ್ವನಿಗೆ ಆ ಮುದುಕಿಯ ಮೇಲೂ ಹೊಟ್ಟೆ ಉರಿಯುತ್ತಿತ್ತು.

ಹತ್ತು ಪ್ಯಾಡೂ ತಯಾರಾದ ಮೇಲೆ ತನ್ಮಯ ಪರದೆ ಎಳೆದು ಚಪ್ಪಾಳೆ ತಟ್ಟಿದ. ಅವನೇ ಮೂಲೆ ಮುಚ್ಚಿದ ಐದು ಸುಮ್ಮನೆ ಬಿದ್ದಿದ್ದವು. ಮನೆಯಿಂದ ಬಂದ ಐದೂ ಒಟ್ಟಿಗೇ ಮಿಂಚಿದವು. ಒಂದು ವಾರ ಎಲ್ಲರೂ ಯಮನವ್ವನಿಗೆ ಚಹಾ ಕೊಟ್ಟರು. ಎಂಟನೆಯ ದಿನ ಒಂದರಿಂದ ಮುಗ್ಗಲು ವಾಸನೆ ಬಂತು. ಕತ್ತರಿಸಿ ನೋಡಿದರೆ ಒಳಗೆ ಹಸಿರು ಬೂಷ್ಟು ಹಿಡಿದ ರೊಟ್ಟಿಯ ಚೂರು ಮತ್ತು ಜೋಳ. ಉಳಿದ ನಾಲ್ಕನ್ನೂ ಕತ್ತರಿಸಿದರು. ನಾಲ್ಕರಲ್ಲೂ ಜೋಳ.

ಪ್ರಭಾಕರ ಸರ್ ತಾಯಿ ಮಗನನ್ನು ಕೋಣೆಗೆ ಕರೆಸಿದರು. ಮೀಸೆ ಬಹಳ ಹೊತ್ತು ಅಲುಗಾಡಿತು. ಬಿಳಿ ಕೋಟು, ಕೈಗವಸು ಹಾಕಿಕೊಂಡು ಕೂದಲೊಂದು ಬೀಳದಂತೆ ಕೆಲಸ ಮಾಡುವ ಜಾಗದಲ್ಲಿ ಊಟದ ಎಂಜಲು ತುರುಕಿದವರು ಯಾರು, ವಾರದ ಅಳತೆಗಳೆಲ್ಲ ಕಸಕ್ಕೆ ಹೋದವಲ್ಲ ಎಂದು ಅವರು ಕೂಗಾಡುತ್ತಿದ್ದರು. ಯಮನವ್ವನಿಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಲೂ ಇಲ್ಲ. ಮೀಸೆ ನಿಂತಾಗಲೆಲ್ಲ ತಲೆಯಾಡಿಸಿ ‘ಹೂಂ’ ಅಂದಳು. ಬೇಕೆಂದೇ ಹಾಳು ಮಾಡಿದಿರಾ ಎಂದು ಕೇಳಿದಾಗಲೂ ಹೂಂ ಅಂದಳು. ರವಿಕಾಂತನ ಕೈಯಿಂದ ಪ್ರಯೋಗಾಲಯದ ಬೀಗದ ಕೈ ಇಸಿದುಕೊಂಡು, ನಾಳೆಯಿಂದ ಗಾಜಿನ ಪಾತ್ರೆ ತೊಳೆಯುವ ಕಡೆ ಹೋಗು ಎಂದರು.

ಸಂಜೆ ಸುದ್ದಿ ಮನೆ ತಲುಪಿತು. ಮಂಜುಳಾ ಈ ಸಲ ಮುಖ ತಿರುಗಿಸಲಿಲ್ಲ. ಒಂದೊಂದು ಅಕ್ಷರವೂ ತಿಳಿಯಲಿ ಎಂದು ನೇರವಾಗಿ ಎದುರಿಗೆ ನಿಂತಳು. “ಕೇಳಿಲ್ಲ ಅಂತ ಒಂದ್ ಮಾತ್ ಹೇಳ್ಲಿಕ್ಕ ಏನಾಗಿತ್ರಿ ನಿಮ್ಗ? ಅವತ್ತ ನನ್ ಕೂಸಿನ ಕಾಲು, ಇವತ್ತ ನಿಮ್ ಮಗನ ನೌಕರಿ. ಬಸ್ ಝಾಲಂ, ಸಾಕಾತು. ಗುರುವಾರ ಬಸ್ ಹತ್ರಿ.”

“ಹತ್ತತೀನಿ” ಅಂದಳು ಯಮನವ್ವ. ಅದನ್ನಷ್ಟೇ ಅವಳು ಸರಿಯಾಗಿ ಓದಿಕೊಂಡಿದ್ದು ಎಂದು ಮಂಜುಳಾ ತಿಳಿದಳು. ಎಲ್ಲವನ್ನೂ ಓದಿಕೊಂಡಿದ್ದಳು.

ಮರುದಿನ ಉಳಿದ ದಾರ, ಸೂಜಿ ಹಿಂತಿರುಗಿಸಲು ಪ್ರಯೋಗಾಲಯಕ್ಕೆ ಹೋದಳು. ಗಾಜಿನ ಬಾಗಿಲಾಚೆ ತನ್ಮಯ ಬಾಗಿ ಕುಳಿತು, ಚಿಮಟಿಗೆಯಿಂದ ಒಂದೊಂದೇ ಗಾಜಿನ ಮಣಿಯನ್ನು ಹೊಸ ಪ್ಯಾಡಿನ ಒಳಗೆ ಬಿಡುತ್ತಿದ್ದ. ಜೋಳದಷ್ಟೇ ದಪ್ಪದ ಮಣಿ. ಮೂಲೆ ಮುಚ್ಚಿ ಚಪ್ಪಾಳೆ ತಟ್ಟಿದ, ದೀಪ ಹೊತ್ತಿತು, ಸರ್ ಅವನ ಬೆನ್ನು ತಟ್ಟಿದರು. ಯಮನವ್ವನಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಹೊಲಿಗೆಯ ಸಾಲುಗಳ ನಡುವೆ ಉರುಳಿ ನಿಂತ ಕಾಳುಗಳು ಎರಡು ಹಾಳೆಗಳನ್ನು ಒಂದಿಷ್ಟು ಎತ್ತಿ ಹಿಡಿದಿದ್ದವು. ಆ ಸಂದಿಯಿಂದಲೇ ಹಾಳೆ ಸದ್ದಿಗೆ ನಡುಗಿದ್ದು. ಅವಳು ಹಾಕಿದರೆ ಎಂಜಲು, ಅವರು ಹಾಕಿದರೆ ವಿದ್ಯೆ. ಒಳಗೆ ನುಗ್ಗಿ ಇಬ್ಬರ ಜನ್ಮವನ್ನೂ ಜಾಲಾಡಬೇಕೆಂದು ಅವಳಿಗೆ ನಾಲಿಗೆ ತುರಿಸಿತು. ಆದರೆ ಬಾಗಿಲ ಪಕ್ಕದ ಕಸದ ಬುಟ್ಟಿಯಲ್ಲಿ ತನ್ನ ಐದು ಮರಿಕೌದಿಗಳು ಹೊಟ್ಟೆ ಸೀಳಿಸಿಕೊಂಡು ಬಿದ್ದಿರುವುದು ಕಂಡಿತು. ಜಗಳ ಬಿಟ್ಟು ಅವನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಬಿಸಾಡಿದ ಚಿಂದಿ ಆರಿಸುವುದರಿಂದಲೇ ಕೌದಿ ಶುರುವಾಗುವುದು.

ಎರಡು ದಿನ ಹಿತ್ತಲಿನಲ್ಲಿ ಕುಳಿತು, ಐದರ ಕೆಡದ ತುಂಡುಗಳನ್ನು ತನ್ನ ಹಳೆಯ ಇಳಕಲ್ ಸೀರೆಯ ಮೇಲೆ ಸೇರಿಸಿ ಒಂದೇ ಕೌದಿ ಮಾಡಿದಳು. ಜೋಳವನ್ನು ಈ ಸಲ ಹುರಿದು ಆರಿಸಿ ಹಾಕಿದಳು. ರೊಟ್ಟಿ ಹಾಕಲಿಲ್ಲ, ತಾಯಿಗೆ ಮನಸ್ಸಿನಲ್ಲೇ ತಪ್ಪಾಯಿತು ಎಂದಳು. ಮುಗಿದ ಮೇಲೆ ಸೀರೆಯ ಮರೆ ಮಾಡಿ ಚಪ್ಪಾಳೆ ತಟ್ಟಿದಳು. ಹಸಿರು ಸಾಲು ಹೊತ್ತಿ ಆರಿತು. ಎಷ್ಟೋ ವರ್ಷಗಳಿಂದ ಅವಳ ಪಾಲಿಗೆ ಚಪ್ಪಾಳೆ ಎಂದರೆ ಅಂಗೈ ಉರಿ ಮಾತ್ರವಾಗಿತ್ತು. ಈಗ ಅದು ಕಣ್ಣಿಗೆ ಬಿತ್ತು. ಅಲ್ಲೇ ಕುಳಿತು ಅಳು ಬರುವವರೆಗೆ ತಟ್ಟಿದಳು.

ಬುಧವಾರ ಅದನ್ನು ತೊಟ್ಟಿಲಿಗೆ ಕಟ್ಟಿದಳು. ಮಂಜುಳಾ ಬಂದವಳೇ ಬಿಚ್ಚಿ ಕಪಾಟಿನ ಮೇಲೆ ಎಸೆದಳು. ಲ್ಯಾಬಿನ ಕಸ ನನ್ನ ಕೂಸಿನ ಹತ್ತಿರ ಬೇಡ ಅಂದಳು. ಇದು ಯಾತಕ್ಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಯಮನವ್ವ ಹೇಳುತ್ತಿದ್ದಳೋ ಇಲ್ಲವೋ, ಅದೂ ಅನುಮಾನವೇ. ಹೇಳಬೇಕಾದರೆ ಮೊದಲು ಆ ಹಳೆಯ ಸುಳ್ಳನ್ನು ವಾಪಸು ತೆಗೆದುಕೊಳ್ಳಬೇಕಿತ್ತು.

ಗುರುವಾರ ಬೆಳಿಗ್ಗೆ ರವಿಕಾಂತ ಕೆಲಸಕ್ಕೆ ಹೋದ ಮೇಲೆ ಕಸ್ತೂರಿಬಾಯಿ ಬಾಗಿಲಿಗೆ ಬಂದಳು. ಸಿಲ್ಲೋಡಿನಲ್ಲಿ ಅವಳ ಅಣ್ಣ ತೀರಿಕೊಂಡಿದ್ದ. ಕಣ್ಣು ಒರೆಸಿಕೊಳ್ಳುತ್ತಲೇ ಹೊರಟುಹೋದಳು. ಮಂಜುಳಾ ಫೋನು ಹಿಡಿದು ಒಬ್ಬರಾದ ಮೇಲೆ ಒಬ್ಬರನ್ನು ಕೇಳಿದಳು. ಆಫೀಸಿನವರು ರಜೆ ಇಲ್ಲ ಎಂದರು. ಅವಳ ಮುಖ ಕೆಂಪಾಗುವುದನ್ನು ಯಮನವ್ವ ಗಂಟಿನ ಪಕ್ಕ ಕುಳಿತು ನೋಡುತ್ತಿದ್ದಳು. ಹನ್ನೊಂದಕ್ಕೆ ಬಸ್ಸು. ಅಕ್ಷಯ ಹಾಲು ಕುಡಿದು ತೊಟ್ಟಿಲಿನಲ್ಲಿ ನಿದ್ದೆ ಹೋಗಿದ್ದ.

ಯಮನವ್ವ ಎದ್ದಳು. ಕುರ್ಚಿ ಹತ್ತಿ ಕಪಾಟಿನ ಮೇಲಿನ ಮರಿಕೌದಿಯನ್ನು ಇಳಿಸಿದಳು. ಕಿಟಕಿಯ ಪರದೆ ಎಳೆದು, ಕೂಸಿನ ಕೈ ತಾಗದಂತೆ ಅದನ್ನು ತೊಟ್ಟಿಲ ಕಂಬಕ್ಕೆ ಬಿಗಿದಳು. ಎದುರಿಗೆ ಮಣೆ ಹಾಕಿಕೊಂಡು ಕುಳಿತಳು. ಸೊಸೆಗೆ ಬೆನ್ನು ಹಾಕಿ, ತೊಟ್ಟಿಲಿಗೆ ಮುಖ ಮಾಡಿ. ಹೋಗು, ನಾನು ನೋಡಿಕೊಳ್ಳುತ್ತೇನೆ ಎನ್ನುವ ಹಾಗೆ ಕೈಬೀಸಿದಳು.

ಆ ಕೈಬೀಸಿದ್ದು ಮಂಜುಳಾಳಿಗೆ ಬೆಂಕಿ ಹಚ್ಚಿತು. ಇಷ್ಟೆಲ್ಲ ಆದಮೇಲೂ ಈ ಠೇಂಕಾರ. ಹೇಗೂ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ, ನಾಲ್ಕು ತಿಂಗಳು ಹಲ್ಲು ಕಚ್ಚಿ ಹಿಡಿದದ್ದನ್ನೆಲ್ಲ ಆ ಬೆನ್ನಿಗೆ ಕಿರುಚಿದಳು. ಕಿವುಡ ಮುದುಕಿ, ಸುಳ್ಳಿ, ನಿನ್ನ ಕೈಗೆ ಕೂಸು ಕೊಡುವುದಕ್ಕಿಂತ ಬೀದಿಯಲ್ಲಿ ಇಡುತ್ತೇನೆ. ಮೂರು ಮನೆಗೆ ಕೇಳುವಷ್ಟು ಜೋರು.

ತೊಟ್ಟಿಲ ಕಂಬದ ಮೇಲೆ ಹಸಿರು ದೀಪಗಳು ಈ ತುದಿಯಿಂದ ಆ ತುದಿಗೆ ಹೊತ್ತಿಕೊಂಡವು.

ಯಮನವ್ವ ಮಣೆ ಒದ್ದು ಹಾರಿದಳು. ಎರಡೂ ಕೈ ತೊಟ್ಟಿಲಿಗೆ ಹಾಕಿ ಹಗ್ಗ ನೋಡಿದಳು, ಕಾಲು ನೋಡಿದಳು, ತುಟಿ ಮುಟ್ಟಿ ನೋಡಿದಳು. ಕೂಸು ಒಮ್ಮೆ ಬೆಚ್ಚಿ ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಮಾಡುತ್ತಿತ್ತು. ಅಳುತ್ತಿರಲಿಲ್ಲ. ದೀಪ ಇನ್ನೂ ಮಿಣುಕುತ್ತಿತ್ತು. ನಿಧಾನವಾಗಿ ತಿರುಗಿದಳು. ಮಂಜುಳಾಳ ಬಾಯಿ ತೆರೆದೇ ಇತ್ತು, ಕತ್ತಿನ ನರ ಉಬ್ಬಿತ್ತು.

ಇಬ್ಬರೂ ಕೂಸಿನ ಎರಡು ಬದಿಗೆ ನಿಂತರು. ಮೊದಲು ಮಾತಾಡಿದವಳು ಮಂಜುಳಾ. “ಕೇಳ್ತೇನ್ರಿ ನಿಮ್ಗ?”

“ಇಲ್ಲ” ಅಂದಳು ಯಮನವ್ವ. “ಕಾಣ್ತು. ನಂಗ ಕೇಳಂಗಿಲ್ಲ. ಅವತ್ತೂ ಕೇಳಿದ್ದಿಲ್ಲ, ಮಂಜುಳಾ. ಸುಳ್ ಹೇಳ್ದೆ.”

ಮಂಜುಳಾ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಅವಳ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. ಒಲೆಯ ಪಕ್ಕದಿಂದ ಹಾಲಿನ ಬಾಟಲಿ ತಂದು ಮಣೆಯ ಹತ್ತಿರ ಕುಕ್ಕಿದಳು. ಯಮನವ್ವನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು, ತುಟಿ ಬಿಡಿಸಿ ಬಿಡಿಸಿ ಹೇಳಿದಳು. “ಮಧ್ಯಾಹ್ನ ಒಂದಕ್ಕ ಬರ್ತೀನ್ರಿ. ಅಲ್ಲೀ ತನಕ ಈ ದೀಪದ ಮ್ಯಾಲಿಂದ ಕಣ್ಣು ತೆಗದ್ರ ನೋಡ್ರಿ ಮತ್ತ.”

ಚೀಲ ಎತ್ತಿಕೊಂಡು ಹೋದಳು. ಹೋಗುವಾಗ ತನ್ನ ಯಾವತ್ತಿನ ಸಿಟ್ಟಿನಿಂದ ಬಾಗಿಲನ್ನು ಧಡಾರನೆ ಎಳೆದುಕೊಂಡಳು. ಕಂಬದ ಮೇಲಿನ ಹಸಿರು ಸಾಲು ಹೊತ್ತಿ ಆರಿತು. ಹಿಂದಕ್ಕೆ ತಿರುಗಿ ನೋಡದೆಯೇ ಯಮನವ್ವನಿಗೆ ಸೊಸೆ ಹೋದದ್ದು ಗೊತ್ತಾಯಿತು. ಗಂಟನ್ನು ಕಾಲಿನಿಂದ ಮೂಲೆಗೆ ಸರಿಸಿ, ಮಣೆಯನ್ನು ತೊಟ್ಟಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕುಳಿತಳು.